ಸಣ್ಣಪ್ಪನ ಪರದೆ ಹಗ್ಗ

ಕಂಬದಕೆರೆ ಎಂಬ ಊರಿನಲ್ಲಿ ನಾಗಾಜಮ್ಮ ಎಂಬ ತಾಯಿ, ಆ ತಾಯಿಗೆ ಸಣ್ಣಪ್ಪ ಎಂಬ ಮಗ. ಹೆಸರು ಸಣ್ಣಪ್ಪ, ಆಳು ಆನೆ. ಎರಡು ಕಂಕುಳಲ್ಲಿ ಎರಡು ಮೂಟೆ ಅಕ್ಕಿ ಇಟ್ಟುಕೊಂಡು ಏಣಿ ಹತ್ತುತ್ತಿದ್ದ. ಬುದ್ಧಿ ಮಾತ್ರ ಏಣಿಯ ಬುಡದಲ್ಲೇ ಕೂತಿತ್ತು.

"ಹಾಲು ಉಕ್ಕುತ್ತೆ, ನೋಡ್ತಾ ಇರು" ಎಂದರೆ ನೋಡುತ್ತಲೇ ಇರುತ್ತಿದ್ದ. ಹಾಲು ಉಕ್ಕಿ, ಒಲೆ ಆರಿ, ಹೊಗೆ ಎದ್ದ ಮೇಲೆ ಒಳಗೆ ಹೋಗಿ, "ಉಕ್ಕಿತು ಅಮ್ಮಾ, ನೋಡೋಕೆ ಬಹಳ ಚೆನ್ನಾಗಿತ್ತು" ಎನ್ನುತ್ತಿದ್ದ.

ನಾಗಾಜಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು. ಹಣೆ ಗಟ್ಟಿಯಿತ್ತು, ತಡೆದುಕೊಂಡಿತ್ತು.

ಅವಳ ಗಂಡ ಕೆಂಚಪ್ಪ ಊರಿನ ನಾಟಕ ಸಂಘದಲ್ಲಿ ಪರದೆ ಎಳೆಯುತ್ತಿದ್ದವನು. ರಂಗಮಂದಿರದ ಹಿಂದಿನ ಓಣಿಯಲ್ಲಿ ಸಂಘದ್ದೇ ಒಂದು ಕೋಣೆ. ಪರದೆ ಎಳೆಯುವವನಿಗೆ ಆ ಕೋಣೆ ಎಂದು ಹಿಂದಿನಿಂದ ನಡೆದು ಬಂದ ಪದ್ಧತಿ. ಕೆಂಚಪ್ಪ ಕಣ್ಣು ಮುಚ್ಚಿದ. ಹಗ್ಗ ಹಿಡಿಯುವವರಿಲ್ಲ ಎಂದ ಮೇಲೆ ಕೋಣೆ ಯಾರದು?

ನಾಗಾಜಮ್ಮ ಸಂಘದ ಅಧ್ಯಕ್ಷರ ಮುಂದೆ ಕೈ ಮುಗಿದು ನಿಂತಳು.

ಅಧ್ಯಕ್ಷರೆಂದರೆ ಅಕ್ಕಿ ಗಿರಣಿಯ ವಿರೂಪಾಕ್ಷಯ್ಯನವರು. ಸಂಘಕ್ಕೆ ಅಧ್ಯಕ್ಷರು ಅವರೇ, ನಾಟಕ ಆರಿಸುವವರು ಅವರೇ, ಆರಿಸಿದ ನಾಟಕಕ್ಕೆ ನಾಯಕರೂ ಅವರೇ. ಅವರಿಗೆ ಅರವತ್ತು ದಾಟಿತ್ತು. ನಾಯಕನಿಗೆ ಇಪ್ಪತ್ತು ದಾಟಲು ಅವರು ಬಿಟ್ಟಿರಲಿಲ್ಲ.

"ಆಗಲಿ ನಾಗಾಜಮ್ಮ" ಎಂದರು ವಿರೂಪಾಕ್ಷಯ್ಯನವರು. "ದಸರೆಗೆ ಶುರು, ಯುಗಾದಿಗೆ ಮುಕ್ತಾಯ. ಐದು ನಾಟಕ. ನಿನ್ನ ಮಗ ನೆಟ್ಟಗೆ ಪರದೆ ಎಳೆದರೆ ಹಗ್ಗ ಅವನಿಗೆ, ಕೋಣೆ ನಿನಗೆ. ಇಲ್ಲದಿದ್ದರೆ ಪಾತ್ರೆ ಪಗಡ ಕಟ್ಟು."

ಆಮೇಲೆ ಸಣ್ಣಪ್ಪನ ಕಡೆ ತಿರುಗಿದರು. "ನೋಡೋ, ಹಗ್ಗ ಎಳೆದರೆ ಪರದೆ ಮೇಲೆ. ಸಡಿಲ ಬಿಟ್ಟರೆ ಕೆಳಗೆ. ಇನ್ನೊಂದು ಮಾತು. ನನ್ನ ಹಾಡು ಕೇಳಿ ಜನ ‘ಒನ್ಸ್ ಮೋರ್’ ಅಂತ ಕೂಗ್ತಾರೆ. ಕೂಗಿದರೆ ಇಲ್ಲ ಅನ್ನಬಾರದು. ಮಾಡಿದ್ದನ್ನೇ ಮತ್ತೆ ಮಾಡಿ ತೋರಿಸಬೇಕು. ಸತ್ತು ಬಿದ್ದವನೂ ಎದ್ದು ನಿಂತು ಹಾಡಬೇಕು. ಅದು ಕಂಪನಿ ನಾಟಕದ ಕಾಲದಿಂದ ಬಂದ ಧರ್ಮ!"

"ಯಾವಾಗ ಕೂಗ್ತಾರೆ ಯಜಮಾನ್ರೇ?"

ಪಕ್ಕದಲ್ಲೇ ಕೂತಿದ್ದ ಸಂಘದ ಹಾರ್ಮೋನಿಯಂ ಮೇಷ್ಟ್ರು ತಮ್ಮ ಪೆಟ್ಟಿಗೆಯ ಧೂಳು ಒರೆಸತೊಡಗಿದರು. ಇಷ್ಟು ವರ್ಷದಲ್ಲಿ ಒಬ್ಬನೂ ಕೂಗಿರಲಿಲ್ಲ.

"ಕೂಗ್ತಾರೆ" ಎಂದರು ವಿರೂಪಾಕ್ಷಯ್ಯನವರು. "ಈ ವರ್ಷ ಕೂಗ್ತಾರೆ."

ದಸರೆ ಬಂತು. ಮೊದಲ ನಾಟಕ ಕಣ್ಣೀರಿನದು. ಮನೆಯವರಿಗಾಗಿ ದುಡಿದು ದುಡಿದು ನಾಯಕ ಕೊನೆಗೆ ಎದೆ ಹಿಡಿದುಕೊಂಡು ಸಾಯುತ್ತಾನೆ.

ನಾಗಾಜಮ್ಮ ಮಗನಿಗೆ ತಲೆ ಬಾಚಿ, ಬುದ್ಧಿ ಹೇಳಿದಳು. "ಅಧ್ಯಕ್ಷರು ಹಾಡ್ತಾ ಹಾಡ್ತಾ ಸಾಯ್ತಾರೆ ಮಗನೇ. ಸತ್ತ ಮೇಲೆ ಪರದೆ ಬಿಡು. ಸಾಯೋಕೆ ಮುಂಚೆ ಬಿಟ್ಟೀಯ, ಜೋಕೆ!"

"ಆಗಲಿ ಅಮ್ಮಾ" ಎಂದ ಸಣ್ಣಪ್ಪ. ಆಗಲಿ ಎಂದದ್ದನ್ನು ಮಾಡದೆ ಬಿಟ್ಟವನಲ್ಲ ಅವನು. ಅದೇ ಕಷ್ಟ.

ವಿರೂಪಾಕ್ಷಯ್ಯನವರು ಎದೆ ಹಿಡಿದರು, ಹಾಡಿದರು, ಬಿದ್ದರು, ಬಿದ್ದಲ್ಲಿಂದಲೂ ಒಂದು ಚರಣ ಹಾಡಿದರು, ಕಣ್ಣು ಮುಚ್ಚಿದರು. ಪರದೆ ಬೀಳಲಿಲ್ಲ.

"ಬಿಡೋ!" ಎಂದು ಪಕ್ಕದಿಂದ ಹಾರ್ಮೋನಿಯಂ ಮೇಷ್ಟ್ರು ಹಲ್ಲು ಕಡಿದರು.

"ಇನ್ನೂ ಸತ್ತಿಲ್ಲ ಮೇಷ್ಟ್ರೇ! ಹೊಟ್ಟೆ ನೋಡಿ, ಮೇಲೆ ಹೋಗ್ತಾ ಇದೆ, ಕೆಳಗೆ ಬರ್ತಾ ಇದೆ!"

ನಿಜವೇ. ಅದು ಗಿರಣಿಯ ಯಜಮಾನರ ಹೊಟ್ಟೆ, ಮೂರನೇ ಸಾಲಿನವರೆಗೂ ಕಾಣುತ್ತಿತ್ತು. ಅಷ್ಟರಲ್ಲಿ ಒಂದು ಸೊಳ್ಳೆ ಬಂದು ಹೆಣದ ಮೂಗಿನ ಮೇಲೆ ಕೂತಿತು. ಹೆಣ ಮೂಗು ಕುಣಿಸಿತು. ಸೊಳ್ಳೆ ಏಳಲಿಲ್ಲ. ಹೆಣ ಪಟ್ಟನೆ ಮೂಗಿಗೆ ಹೊಡೆದುಕೊಂಡಿತು.

"ಅಯ್ಯೋ ಪಾಪ, ನೆಮ್ಮದಿಯಾಗಿ ಸಾಯೋಕೂ ಬಿಡಲ್ವಲ್ಲ!" ಎಂದಳು ಮುಂದಿನ ಸಾಲಿನ ಮುದುಕಿ. ಜನ ಬಿದ್ದು ಬಿದ್ದು ನಕ್ಕರು. ಹೆಣ ಎದ್ದು ಕೂತು ಗರ್ಜಿಸಿತು: "ಪರದೆ ಬಿಡೋ ಮುಂಡೇದೇ!"

"ನಾನು ಹೇಳಲಿಲ್ಲವಾ ಮೇಷ್ಟ್ರೇ?" ಎಂದು ಸಣ್ಣಪ್ಪ ಕುಣಿದಾಡಿದ. "ಯಜಮಾನ್ರು ಬದುಕಿದಾರೆ!"

ಮನೆಯಲ್ಲಿ ನಾಗಾಜಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಕರ್ಮವೇ! ಅವರು ಸತ್ತರೋ ಇಲ್ಲವೋ ನೋಡೋಕೆ ನೀನೇನು ಡಾಕ್ಟರಾ? ಆ ಯೋಚನೆ ನಿನಗೆ ಬೇಡ. ಇನ್ನು ಮೇಲೆ ಅಧ್ಯಕ್ಷರು ನೆಲಕ್ಕೆ ಬಿದ್ದರು ಅಂದರೆ ಪರದೆ ಬಿಟ್ಟುಬಿಡು. ಹಿಂದೆ ಮುಂದೆ ನೋಡಬೇಡ."

"ಆಗಲಿ ಅಮ್ಮಾ."

ದೀಪಾವಳಿ ಬಂತು. ಎರಡನೆಯದು ಭಕ್ತಿ ನಾಟಕ, ತುಂಬ ಹಾಡು. ವಿರೂಪಾಕ್ಷಯ್ಯನವರು ಪರಮ ಭಕ್ತರು. ಪರಮ ಭಕ್ತ ಏನು ಮಾಡುತ್ತಾನೆ? ದೇವರ ಮುಂದೆ ಅಡ್ಡಬೀಳುತ್ತಾನೆ.

ಭಕ್ತರು ಕೈ ಜೋಡಿಸಿ ಬಂದರು. "ಸ್ವಾಮೀ!" ಎಂದು ಉದ್ದಕ್ಕೆ ಅಡ್ಡಬಿದ್ದರು. ದಡ್ಡನೆ ಪರದೆ ಬಿತ್ತು.

"ಏರಿಸೋ!" ಎಂದರು ಮೇಷ್ಟ್ರು. ಏರಿಸಿದ. ಭಕ್ತರು ಮತ್ತೆ "ಸ್ವಾಮೀ!" ಎಂದು ಬಿದ್ದರು. ದಡ್! ಏರಿಸಿದ. ಗುರುಗಳು ಬಂದರು, ಗುರುಗಳ ಕಾಲಿಗೆ ಭಕ್ತರು ಬಿದ್ದರು. ದಡ್! ತಾಯಿ ಬಂದಳು, ತಾಯಿಯ ಕಾಲಿಗೆ ಬಿದ್ದರು. ದಡ್! ಕೊನೆಗೆ ದೇವರೇ ಪ್ರತ್ಯಕ್ಷನಾದ. ಭಕ್ತರು ಬೀಳಲೋ ಬೇಡವೋ ಎಂದು ಬಾಗಿದರು, ಹಗ್ಗದ ಕಡೆ ಓರೆಗಣ್ಣಿನಿಂದ ನೋಡಿದರು, ನೆಟ್ಟಗಾದರು, ಮತ್ತೆ ಬಾಗಿದರು.

"ಸೊಂಟ ಹಿಡೀತಾ ಭಕ್ತರೇ?" ಎಂದು ಹಿಂದಿನಿಂದ ಯಾರೋ ಕೂಗಿದರು.

ಕೊನೆಗೂ ಬಿದ್ದರು. ಪರದೆಯೂ ಬಿತ್ತು. ಅದರ ಕೆಳಗಿನ ಬಿದಿರು ದೇವರ ಕಿರೀಟಕ್ಕೆ ಬಡಿದು, ಕಿರೀಟ ಉರುಳಿಕೊಂಡು ಹೋಗಿ ಮುಂದಿನ ಸಾಲಿನ ಮುದುಕಿಯ ಮಡಿಲಲ್ಲಿ ಕೂತಿತು. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಆ ಸಂಜೆ ನಿಜವಾದ ಭಕ್ತಿ ಕಂಡದ್ದು ಅಷ್ಟೇ.

"ಬಿದ್ದರು, ಬಿಟ್ಟೆ. ಬಿದ್ದರು, ಬಿಟ್ಟೆ" ಎಂದು ಸಣ್ಣಪ್ಪ ಲೆಕ್ಕ ಒಪ್ಪಿಸಿದ.

"ಅಯ್ಯೋ ಪೆದ್ದ ಮುಂಡೇಗಂಡ! ಅಡ್ಡಬಿದ್ದರೆ ಬಿಡ್ತಾರೇನೋ? ನಿನಗೆ ರಂಗದ ಮೇಲಿನದು ತಿಳಿಯೋದಿಲ್ಲ. ಅತ್ತ ನೋಡಲೇಬೇಡ. ಜನ ಚಪ್ಪಾಳೆ ಹೊಡೀತಾರಲ್ಲ, ಅದನ್ನ ಕೇಳು. ಚಪ್ಪಾಳೆ ಬಂತು ಅಂದರೆ ದೃಶ್ಯ ಮುಗಿಯಿತು ಅಂತ. ಆಗ ಬಿಡು."

"ಆಗಲಿ ಅಮ್ಮಾ."

ಸಂಕ್ರಾಂತಿ ಬಂತು. ಮೂರನೆಯದು ನಗೆ ನಾಟಕ. ಸ್ವತಃ ವಿರೂಪಾಕ್ಷಯ್ಯನವರೇ ಬರೆದದ್ದು. ಸಣ್ಣಪ್ಪ ಗೋಡೆಯ ಕಡೆ ಮುಖ ಮಾಡಿ, ಕಿವಿಯನ್ನು ಜನರ ಕಡೆ ಕೊಟ್ಟು ನಿಂತ.

ಕಂಬದಕೆರೆಯಲ್ಲಿ ಕಂಬ ಒಂದೂ ಇಲ್ಲ, ಕೆರೆ ಇದೆ. ಕೆರೆ ಇದ್ದಲ್ಲಿ ಸೊಳ್ಳೆ. ಪರದೆ ಏರಿತು, ವಿರೂಪಾಕ್ಷಯ್ಯನವರು ಬಂದರು, ಮೊದಲ ನಗೆಮಾತು ಆಡಿದರು. ಯಾರೂ ನಗಲಿಲ್ಲ. ಆ ನಿಶ್ಶಬ್ದದಲ್ಲಿ ಒಬ್ಬ ತನ್ನ ಮುಖದ ಮುಂದೆ ಹಾರುತ್ತಿದ್ದ ಸೊಳ್ಳೆಯನ್ನು ಎರಡು ಕೈ ಸೇರಿಸಿ ಹೊಡೆದ. ಪಟ್! ಪಕ್ಕದವಳು ತನ್ನದನ್ನು ಹೊಡೆದಳು. ಪಟ್ ಪಟ್! ಸಾಲು ಸಾಲಿಗೆ ಸೊಳ್ಳೆ ಇಳಿದಿತ್ತು. ಪಟ ಪಟ ಪಟ ಪಟ!

ಪರದೆ ಇಳಿಯಿತು.

"ಯಾಕೋ ಬಿಟ್ಟೆ?"

"ಚಪ್ಪಾಳೆ ಬಂತಲ್ಲ ಯಜಮಾನ್ರೇ! ಎಷ್ಟೊಂದು!"

ವಿರೂಪಾಕ್ಷಯ್ಯನವರು ಬೈಯಲು ತೆರೆದ ಬಾಯಿ ಹಾಗೇ ನಿಂತಿತು. "ಚಪ್ಪಾಳೆಯಾ? ನನಗಾ?" ಮೀಸೆ ತೀಡಿಕೊಂಡು ಪರದೆಯ ಮುಂದೆ ಬಂದರು, ತಲೆ ಬಾಗಿ ಎರಡೂ ಕೈ ಮುಗಿದರು.

"ಸ್ವಾಮಿ, ಸೊಳ್ಳೆ ಬತ್ತಿ ಹಚ್ಚಿಸಿ!" ಎಂದಳು ಮುದುಕಿ.

ಅಂದೇ ಸಣ್ಣಪ್ಪನ ಕೈಯಿಂದ ಹಗ್ಗ ಹೋಯಿತು. "ಮುಂದಿನ ನಾಟಕಕ್ಕೆ ನನ್ನ ಗಿರಣಿಯ ಆಳುಗಳು ಹಗ್ಗ ಹಿಡೀತಾರೆ" ಎಂದರು ವಿರೂಪಾಕ್ಷಯ್ಯನವರು. "ಇವನು ಸುಮ್ಮನೆ ಪಕ್ಕದಲ್ಲಿ ನಿಂತು, ಕೊಟ್ಟದ್ದನ್ನ ಹಿಡಿದುಕೊಂಡಿರಲಿ. ಅದನ್ನೂ ಕೆಡಿಸಿದರೆ ಕೋಣೆ ಮರೆತುಬಿಡು ನಾಗಾಜಮ್ಮ."

ನಾಗಾಜಮ್ಮ ಗಂಡನ ಫೋಟೋ ಮುಂದೆ ಕೂತು ಮೂಗು ಸೀಟಿಕೊಂಡಳು. "ನಿಮ್ಮ ಹಗ್ಗ ಇವತ್ತು ಗಿರಣಿ ಆಳುಗಳ ಕೈಗೆ ಹೋಯ್ತು ಕಣ್ರೀ. ನಾಳೆ ಈ ಸೂರೂ ಹೋಗುತ್ತೆ. ಹೋಗೋವಾಗ ಬುದ್ಧಿನೆಲ್ಲ ನೀವೇ ಕಟ್ಟಿಕೊಂಡು ಹೋದಿರಾ? ಇವನಿಗೆ ಒಂದು ಚಿಟಿಕೆ ಬಿಟ್ಟು ಹೋಗಬಾರದಿತ್ತಾ?"

ಆಮೇಲೆ ಮಗನಿಗೆ ಹೇಳಿದಳು. "ಯಾರೇ ಏನೇ ಕೈಗೆ ಕೊಟ್ಟರೂ ಭದ್ರವಾಗಿ ಹಿಡಿದುಕೊಂಡು ನಿಂತಿರು. ಬಿಡಬೇಡ!"

"ಆಗಲಿ ಅಮ್ಮಾ."

ಶಿವರಾತ್ರಿ ಬಂತು. ನಾಲ್ಕನೆಯದು ರಾಜರ ನಾಟಕ. ವಿರೂಪಾಕ್ಷಯ್ಯನವರು ಯುವರಾಜ, ಪೋಸ್ಟ್ ಮಾಸ್ಟರ್ ಶತ್ರು. ಯುದ್ಧಕ್ಕೆ ಮುಂಚೆ ಯುವರಾಜರು ಬೆವರು ಒರೆಸಿಕೊಳ್ಳಲು ಒಳಗೆ ಬಂದು, "ಹಿಡ್ಕೋ ಇದನ್ನ" ಎಂದು ಖಡ್ಗವನ್ನು ಸಣ್ಣಪ್ಪನಿಗೆ ಕೊಟ್ಟರು. ಸಣ್ಣಪ್ಪ ಹಿಡಿದುಕೊಂಡ.

ಯುದ್ಧದ ಕಹಳೆ ಮೊಳಗಿತು. "ತಾ ಖಡ್ಗ!"

"ಕೊಡಲ್ಲ ಯಜಮಾನ್ರೇ."

"ಏನಂದೆ?"

"ಬಿಡಬೇಡ ಅಂದಿದಾಳೆ ಅಮ್ಮ."

ಎಳೆದರು. ಎರಡು ಮೂಟೆ ಅಕ್ಕಿ ಹೊರುವ ಕೈಯಿಂದ ಖಡ್ಗ ಬರುತ್ತದೆಯೇ? ಮೇಷ್ಟ್ರು ಬಂದು ಎಳೆದರು, ರಾಣಿ ಬಂದು ಎಳೆದಳು. ಸಣ್ಣಪ್ಪ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಖಡ್ಗವನ್ನು ಅಪ್ಪಿಕೊಂಡು ನಿಂತ. ಹೊರಗೆ ಶತ್ರು ಕಾಯುತ್ತಿದ್ದ. "ಎಲ್ಲಿರುವೆ ಯುವರಾಜ?" ಎಂದು ಗುಡುಗಿದ. ಆಮೇಲೆ, "ಬರುವೆಯೋ ಇಲ್ಲವೋ?" ಎಂದ. ಆಮೇಲೆ, "ನಾನು ನಾಳೆ ಬರಲೇನು?" ಎಂದ.

ಯುವರಾಜರು ಬರಿಗೈಲಿ ನುಗ್ಗಿ ತೋರುಬೆರಳಿನಿಂದ ಶತ್ರುವಿನ ಎದೆಗೆ ಚುಚ್ಚಿದರು. ಪೋಸ್ಟ್ ಮಾಸ್ಟರ್ ಆ ಬೆರಳನ್ನು ನೋಡಿದ, ಯುವರಾಜರ ಮುಖ ನೋಡಿದ, ಕನಿಕರಪಟ್ಟು ತಾನಾಗಿಯೇ ಸತ್ತ. ಅಷ್ಟರಲ್ಲಿ ಪಕ್ಕದಿಂದ "ಅಯ್ಯಪ್ಪಾ!" ಎಂದು ಎರಡು ಕೂಗು. ಕೆಂಚಪ್ಪ ಒಬ್ಬನೇ ಎಳೆಯುತ್ತಿದ್ದ ಅರಮನೆಯ ಪರದೆಯನ್ನು ಇಬ್ಬರು ಸೇರಿ ಎಳೆದು ಗಿರಣಿಯ ಆಳುಗಳಿಗೆ ಸೊಂಟ ಉಳುಕಿತ್ತು.

ಮನೆಯಲ್ಲಿ ನಾಗಾಜಮ್ಮ ಬೈದಳು. "ಖಡ್ಗ ನಿನ್ನದೇನೋ? ಅವರದು ಅವರಿಗೆ ಕೊಡಬೇಕು, ನಿನ್ನದು ನೀನು ಇಟ್ಟುಕೋಬೇಕು! ಇಷ್ಟೂ ತಿಳಿಯದಾ? ಯಾರಾದರೂ ‘ಇದು ನಿನ್ನದು’ ಅಂತ ಬಾಯಿ ಬಿಟ್ಟು ಹೇಳಿದರೆ, ಅದನ್ನ ಎತ್ತಿಕೊಂಡು ನೆಟ್ಟಗೆ ಮನೆಗೆ ಬಾ. ಅಲ್ಲಿ ನಿಲ್ಲಬೇಡ. ದಾರೀಲಿ ಯಾರು ಕೂಗಿದರೂ ತಿರುಗಿ ನೋಡಬೇಡ!"

"ಆಗಲಿ ಅಮ್ಮಾ."

ಯುಗಾದಿ ಬಂತು. ಐದನೆಯದು, ಕಟ್ಟಕಡೆಯದು, ಸಂಗೀತ ನಾಟಕ. ಗಿರಣಿಯ ಆಳುಗಳು ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಹಗ್ಗ ಮುಟ್ಟುವುದಿಲ್ಲ ಎಂದುಬಿಟ್ಟರು. ವಿರೂಪಾಕ್ಷಯ್ಯನವರು ಬೇರೆ ದಾರಿಯಿಲ್ಲದೆ ನಾಗಾಜಮ್ಮನಿಗೆ ಹೇಳಿ ಕಳಿಸಿದರು. "ಇದು ಕಡೇ ಸಲ. ಸರಿಹೋದರೆ ಎಲ್ಲರ ಮುಂದೆ ಹಗ್ಗ ಅವನಿಗೇ ಕೊಡ್ತೀನಿ. ಇಲ್ಲವಾದರೆ ನಾಳೆ ಕೋಣೆಯ ಬೀಗದ ಕೈ ನನ್ನ ಮೇಜಿನ ಮೇಲಿರಲಿ."

ಈ ಸಲ ನಾಗಾಜಮ್ಮ ಬುದ್ಧಿ ಹೇಳಿ ಕಳಿಸಲಿಲ್ಲ. ತಾನೇ ಹೋಗಿ ಮಗನ ಹಿಂದೆ ನಿಂತಳು. "ಬೆನ್ನಿಗೆ ಒಂದು ಏಟು ಬಿದ್ದರೆ ಬಿಡು. ಎರಡು ಬಿದ್ದರೆ ಎಳಿ. ನಿನ್ನ ತಲೆಯನ್ನ ಮನೆಯಲ್ಲೇ ಬಿಟ್ಟು ಬಂದೆ ಅಂತ ತಿಳಕೋ."

ಬೆನ್ನಿಗೆ ಎರಡು ಬಿತ್ತು, ಪರದೆ ಏರಿತು. ಒಂದು ಬಿತ್ತು, ಇಳಿಯಿತು. ವಿರೂಪಾಕ್ಷಯ್ಯನವರು ಹಾಡಿದರು, ಹಾಡಿದ ಮೇಲೆ ಪ್ರತಿ ಸಲವೂ ಕಿವಿ ನಿಮಿರಿಸಿ ಜನರತ್ತ ನೋಡಿದರು. ಯಾರೂ ಕೂಗಲಿಲ್ಲ. ಒಬ್ಬ ಆಕಳಿಸಿದ. ಆದರೆ ಪರದೆ! ಪರದೆ ಮಾತ್ರ ಕೆಂಚಪ್ಪನ ಕಾಲದಲ್ಲಿ ಇಳಿಯುತ್ತಿದ್ದಂತೆ ಇಳಿಯಿತು. ಕೊನೆಯ ದೃಶ್ಯ ಮುಗಿದಾಗ ಅದು ಮೆತ್ತಗೆ, ಸದ್ದಿಲ್ಲದೆ ನೆಲ ಮುಟ್ಟಿತು.

ನಾಗಾಜಮ್ಮನ ಕಣ್ಣು ತುಂಬಿ ಬಂತು. "ಗೆದ್ದೆ ಮಗನೇ! ಕಡೇ ಸಲ ಏರಿಸಿ ಹಗ್ಗವನ್ನ ಗೂಟಕ್ಕೆ ಸುತ್ತಿ ನಿಂತಿರು. ಅಧ್ಯಕ್ಷರು ಭಾಷಣ ಮಾಡಿ ನಿನ್ನ ಕರೀತಾರೆ. ನಾನು ಮನೆಗೆ ಹೋಗಿ ನಿಮ್ಮಪ್ಪನ ಫೋಟೋಗೆ ದೀಪ ಹಚ್ಚಿ, ಸಜ್ಜಿಗೆ ಕೆದಕ್ತೀನಿ." ಸೆರಗು ಸಿಕ್ಕಿಸಿಕೊಂಡು ಓಡಿದಳು.

ಪರದೆ ಏರಿತು. ವಿರೂಪಾಕ್ಷಯ್ಯನವರು ರಾಜನ ವೇಷದಲ್ಲೇ ಮೈಕಿನ ಮುಂದೆ ನಿಂತರು. ಭಾಷಣ ಶುರುವಾಯಿತು. ಕಲೆ ಎಂದರೇನು ಎಂದರು. ತಾವು ಎಂದರೇನು ಎಂದರು. ಊರಿಗೆ ತಾವು ಮಾಡಿದ್ದೇನು ಎಂದರು. ಮಕ್ಕಳು ನಿದ್ದೆ ಹೋದರು, ಗಂಡಸರು ಚಪ್ಪಲಿ ಹುಡುಕಿದರು, ಮುದುಕಿ ಎಲೆ ಅಡಿಕೆಯ ಚೀಲ ಬಿಚ್ಚಿದಳು. ಭಾಷಣ ನಡೆದೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಅಧ್ಯಕ್ಷರು ಸಣ್ಣಪ್ಪನತ್ತ ಕೈ ಚಾಚಿದರು.

"ಕೆಂಚಪ್ಪನ ಮಗ ಸಣ್ಣಪ್ಪ! ಇಂದಿನಿಂದ, ಸಣ್ಣಪ್ಪ, ಆ ಹಗ್ಗ ನಿನ್ನದು!"

"ನನ್ನದಾ ಯಜಮಾನ್ರೇ?"

"ನಿನ್ನದೇ ಕಣಯ್ಯ!"

ಬಾಯಿ ಬಿಟ್ಟು ಹೇಳಿಬಿಟ್ಟರು. ಸಣ್ಣಪ್ಪ ಗೂಟದಿಂದ ಹಗ್ಗ ಬಿಚ್ಚಿದ, ಹೆಗಲ ಮೇಲೆ ಹಾಕಿಕೊಂಡ, ಪಕ್ಕದ ಬಾಗಿಲಿನಿಂದ ನೆಟ್ಟಗೆ ಮನೆಗೆ ಹೊರಟ.

ಹಗ್ಗ ಬಿಗಿಯಿತು. ಸಣ್ಣಪ್ಪ ನಿಲ್ಲಲಿಲ್ಲ. ಮೇಲೆ ರಾಟೆ ಕಿರುಗುಟ್ಟಿತು. ನಿಲ್ಲಲಿಲ್ಲ. ತೊಲೆ ಕಟಕಟ ಎಂದಿತು. "ಲೋ ಸಣ್ಣಪ್ಪಾ!" ಎಂದು ಮೇಷ್ಟ್ರು ಕೂಗಿದರು. ಯಾರು ಕೂಗಿದರೂ ತಿರುಗಿ ನೋಡಬೇಡ ಎಂದಿದ್ದಳಲ್ಲ ಅಮ್ಮ? ನೋಡಲಿಲ್ಲ. ರಾಟೆ ಕಿತ್ತು ಬಂತು. ಅರಮನೆ, ಉದ್ಯಾನ, ನವಿಲು ಎಲ್ಲ ಬರೆದಿದ್ದ ಪರದೆ ದಡದಡನೆ ಇಳಿದು, ಕಲೆಯ ಬಗ್ಗೆ ಇನ್ನೊಂದು ಮಾತು ಹೇಳಲು ಬಾಯಿ ತೆರೆದಿದ್ದ ವಿರೂಪಾಕ್ಷಯ್ಯನವರನ್ನು ಹಾಗೇ ಸುತ್ತಿಕೊಂಡು ಬಿತ್ತು. ಮೈಕು ಕುಂಯ್ ಎಂದು ಸುಮ್ಮನಾಯಿತು.

ಭಾಷಣ ನಿಂತಿತು! ಜನ ಎದ್ದು ನಿಂತರು. ಮಕ್ಕಳಿಗೆ ಎಚ್ಚರವಾಯಿತು.

ನಾಗಾಜಮ್ಮ ಸಜ್ಜಿಗೆಯ ಸೌಟು ಹಿಡಿದು ಬಾಗಿಲಿಗೆ ಬಂದಳು. ಓಣಿಯಲ್ಲಿ ಮಗ ಬರುತ್ತಿದ್ದ. ಮಗನ ಹೆಗಲ ಮೇಲೆ ಹಗ್ಗ, ಹಗ್ಗದ ತುದಿಯಲ್ಲಿ ಪರದೆ, ಪರದೆಯ ಹೊಟ್ಟೆಯಲ್ಲಿ ಏನೋ ಒದ್ದಾಡುತ್ತಿತ್ತು.

"ಅಮ್ಮಾ, ನನ್ನದು ಅಂದರು, ಎತ್ತಿಕೊಂಡು ಬಂದೆ!" ಎಂದ ಸಣ್ಣಪ್ಪ. ಆಮೇಲೆ ಹಿಂದೆ ನೋಡಿ ತಲೆ ಕೆರೆದುಕೊಂಡ. "ಜೊತೆಗೆ ಇವರೂ ಬಂದುಬಿಟ್ಟಿದಾರೆ. ಇವರೂ ನನ್ನವರೇನಾ ಅಮ್ಮಾ?"

ನವಿಲಿನ ಕೆಳಗಿನಿಂದ ವಿರೂಪಾಕ್ಷಯ್ಯನವರು ಹೊರಬಂದರು. ಕಿರೀಟ ಕುತ್ತಿಗೆಯಲ್ಲಿ, ಮೀಸೆ ಕಿವಿಯ ಮೇಲೆ. "ನಾಗಾಜಮ್ಮಾ! ಈಗಿಂದೀಗ ಕೋಣೆ ಖಾಲಿ..."

"ಒನ್ಸ್ ಮೋರ್!"

ಓಣಿಯ ತುದಿಯಿಂದ ಬಂತು ಆ ಕೂಗು. ಎಲೆ ಅಡಿಕೆ ಬಾಯಿಯ ಮುದುಕಿಯದು. ಅವಳ ಹಿಂದೆ ಸಭೆಗೆ ಸಭೆಯೇ ನುಗ್ಗಿ ಬರುತ್ತಿತ್ತು. ಹೆಂಗಸರು, ಗಂಡಸರು, ಮಕ್ಕಳು, ಸತ್ತಿದ್ದ ಪೋಸ್ಟ್ ಮಾಸ್ಟರ್. "ಒನ್ಸ್ ಮೋರ್! ಒನ್ಸ್ ಮೋರ್!"

ವಿರೂಪಾಕ್ಷಯ್ಯನವರು ಕಿವಿ ನಿಮಿರಿಸಿದರು. "ಏನಂತ ಕೂಗ್ತಿದಾರೆ ನಾಗಾಜಮ್ಮ?"

ನಾಗಾಜಮ್ಮ ಜನರನ್ನು ನೋಡಿದಳು. ಕೋಣೆಯ ಬಾಗಿಲನ್ನು ನೋಡಿದಳು. ಅಧ್ಯಕ್ಷರ ಮುಖ ನೋಡಿದಳು. ದಸರೆಯಿಂದ ಬುದ್ಧಿ ಹೇಳಿ ಹೇಳಿ ಸೋತವಳು, ಈಗ ಒಂದೇ ಮಾತು ಹೇಳಿದಳು.

"ಒನ್ಸ್ ಮೋರ್ ಅಂತಿದಾರೆ ಸ್ವಾಮಿ. ತಮಗೇ."

"ನನಗಾ?"

"ಇನ್ಯಾರಿದಾರೆ ಸ್ವಾಮಿ ಇಲ್ಲಿ?"

"ಹಾಗಾದರೆ ಮಾಡಿದ್ದನ್ನೇ ಮತ್ತೆ ಮಾಡಿ ತೋರಿಸಬೇಕು ಯಜಮಾನ್ರೇ!" ಎಂದ ಸಣ್ಣಪ್ಪ. "ಇಲ್ಲ ಅನ್ನಬಾರದು. ಧರ್ಮ!"

ವಿರೂಪಾಕ್ಷಯ್ಯನವರು ಕಿರೀಟ ತಲೆಗೇರಿಸಿದರು. ಮೀಸೆಯನ್ನು ಕಿವಿಯಿಂದ ಕಿತ್ತು, ಎಂಜಲು ಹಚ್ಚಿ ಇದ್ದ ಜಾಗಕ್ಕೆ ಅಂಟಿಸಿದರು. ಜನರಿಗೆ ಕೈ ಮುಗಿದರು. ಆಮೇಲೆ ಅರಮನೆಯ ಮುಂದೆ, ಉದ್ಯಾನದ ಮೇಲೆ, ನವಿಲಿನ ಪಕ್ಕದಲ್ಲಿ ಉದ್ದಕ್ಕೆ ಮಲಗಿದರು.

"ಸ್ವಾಮಿ, ಕೋಣೆ?" ಎಂದಳು ನಾಗಾಜಮ್ಮ.

"ಇರಲಿ, ಇರಲಿ, ನಿನಗೇ ಇರಲಿ. ಲೋ ಸಣ್ಣಪ್ಪ, ಈ ಸಲ ನಿಧಾನವಾಗಿ ಎಳಿ. ಮುಖ ಜನಕ್ಕೆ ಕಾಣಲಿ!"

ಸಣ್ಣಪ್ಪ ಎಳೆದ. ರಂಗಮಂದಿರದವರೆಗೆ ಎಳೆದ, ಮತ್ತೆ ಮನೆಯವರೆಗೆ ಎಳೆದ. ಜನ ಕೂಗಿದಷ್ಟು ಸಲ ಎಳೆಯಬೇಕಲ್ಲ? ಜನ ಕೂಗುವುದನ್ನು ನಿಲ್ಲಿಸಲಿಲ್ಲ, ಅವನು ಎಳೆಯುವುದನ್ನು ನಿಲ್ಲಿಸಲಿಲ್ಲ. ಪ್ರತಿ ಸಲ ಬಾಗಿಲ ಮುಂದೆ ಹಾದಾಗಲೂ ಅಧ್ಯಕ್ಷರು ಮಲಗಿದಲ್ಲಿಂದಲೇ ನಾಗಾಜಮ್ಮನಿಗೂ ಕೈ ಮುಗಿದರು.

ನಾಗಾಜಮ್ಮ ಹೊಸ್ತಿಲ ಮೇಲೆ ಕೂತು ಸಜ್ಜಿಗೆಯನ್ನು ಎರಡು ತಟ್ಟೆಗೆ ಬಡಿಸಿದಳು. ಇಷ್ಟು ವರ್ಷ ತನಗೆ ಇಂಥ ಮಗ ಒಬ್ಬನೇ ಎಂದುಕೊಂಡಿದ್ದಳು.

ಓಣಿಯ ಧೂಳು ಇನ್ನೂ ಏಳುತ್ತಲೇ ಇದೆಯಂತೆ. ಕತೆ ಮಾತ್ರ ಇಲ್ಲಿಗೆ ಕೂತಿತು.